ಎಂಟು ಚಿತ್ರ, ಒಂದಿಷ್ಟು ಜೆಲಟಿನ್

ಕುಂದಗೋಳ ತಾಲ್ಲೂಕಿನ ಗುಡಗೇರಿಯಲ್ಲಿ ಸಿಕ್ಕ ಜೈನ ಶಾಸನವೊಂದರ ಕಾಲ ಶಕ 998, ಅಂದರೆ ಕ್ರಿ.ಶ. 1076. ಪುರಿಗೆರೆಯ, ಈಗಿನ ಲಕ್ಷ್ಮೇಶ್ವರದ, ಆನೆಸೆಜ್ಜೆ ಬಸದಿಗೆ ಸೇರಿದ ಭೂಮಿಯ ಮಾತು ಅದರಲ್ಲಿದೆ. ಶ್ರೀನಂದಿ ಪಂಡಿತರೆಂಬ ಜೈನ ಗುರುವಿನ ಹೆಸರೂ ಇದೆ. ಅಂಥ ಊರಿನಲ್ಲಿ ಹಳೆಯ ಪೋಲರಾಯ್ಡ್ ಕ್ಯಾಮೆರಾ ಹಿಡಿದು ಫಿಲ್ಮ್ ಆರಿಸಲು ಕೂತವರಿಗೆ, ಯಾವ ಅಂಗಡಿಯವನೂ ಕೇಳದ ಪ್ರಶ್ನೆಯೊಂದು ಎದುರಾಗಬಹುದು: ಈ ಚಿತ್ರದಲ್ಲಿ ಹಿಂಸೆ ಎಷ್ಟಿದೆ?

ಹುಡುಗಾಟದ ಪ್ರಶ್ನೆಯಲ್ಲ. ಫಿಲ್ಮಿನಲ್ಲಿ ಬೆಳ್ಳಿಯ ಲವಣದ ಹರಳುಗಳನ್ನು ಹಿಡಿದು ನಿಲ್ಲಿಸುವುದು ಜೆಲಟಿನ್. ಪ್ರಾಣಿಗಳ ಎಲುಬು, ತೊಗಲು ಕುದಿಸಿ ತೆಗೆದದ್ದು. 1871ರಲ್ಲಿ ರಿಚರ್ಡ್ ಮ್ಯಾಡಕ್ಸ್ ಎಂಬ ಇಂಗ್ಲಿಷ್ ವೈದ್ಯ ತೋರಿಸಿಕೊಟ್ಟ ಈ ದಾರಿಯನ್ನು ಛಾಯಾಗ್ರಹಣ ಇಂದಿಗೂ ಬಿಟ್ಟಿಲ್ಲ. ಒಂದು ಜೆಲಟಿನ್‌ನಿಂದ ಚುರುಕಾದ ಫಿಲ್ಮ್, ಇನ್ನೊಂದರಿಂದ ಮಂಕು ಫಿಲ್ಮ್ ಯಾಕೆ ಬರುತ್ತದೆಂದು ಕೊಡಾಕ್ ಕಂಪನಿಯ ವಿಜ್ಞಾನಿ ಸ್ಯಾಮ್ಯುಯೆಲ್ ಶೆಪರ್ಡ್ ತಲೆ ಕೆಡಿಸಿಕೊಂಡ. 1925ರ ಹೊತ್ತಿಗೆ ಉತ್ತರ ಸಿಕ್ಕಿತು: ದನ ಮೇದ ಸಾಸಿವೆ ಜಾತಿಯ ಗಿಡಗಳ ಗಂಧಕದ ಅಂಶ ಜೆಲಟಿನ್‌ನಲ್ಲಿ ಉಳಿದು, ಬೆಳಕಿಗೆ ಫಿಲ್ಮನ್ನು ಚುರುಕಾಗಿಸುತ್ತಿತ್ತು. ಚಿತ್ರ ಚೆನ್ನಾಗಿ ಬರಬೇಕಾದರೆ ದನ ಏನು ತಿಂದಿತ್ತು ಎಂಬುದೂ ಲೆಕ್ಕಕ್ಕೆ ಬರುತ್ತಿತ್ತು!

ಇದಕ್ಕೆ ಸಿದ್ಧ ಸಮಾಧಾನವೊಂದಿದೆ. ಫಿಲ್ಮಿಗಾಗಿ ಯಾರೂ ದನ ಕಡಿಯುವುದಿಲ್ಲ, ಉಳಿದ ಎಲುಬು ತಾನೇ ಎನ್ನುವುದು. ಜೈನರ ಕಿವಿಗೆ ಈ ವಾದ ಹಳೆಯದು. ತನಗಾಗಿ ಕೊಂದದ್ದೆಂದು ಕಾಣದ, ಕೇಳದ, ಅನುಮಾನವೂ ಇಲ್ಲದ ಮಾಂಸವನ್ನು ಭಿಕ್ಷು ಸ್ವೀಕರಿಸಬಹುದೆಂದು ಬೌದ್ಧರು ಹೇಳಿದಾಗ ಜೈನ ಆಚಾರ್ಯರು ಒಪ್ಪಲಿಲ್ಲ. ‘ಪುರುಷಾರ್ಥ ಸಿದ್ಧ್ಯುಪಾಯ’ ಬರೆದ ಅಮೃತಚಂದ್ರರಂತೂ, ತಾನಾಗಿ ಸತ್ತ ಪ್ರಾಣಿಯ ಮಾಂಸದಲ್ಲೂ ಸೂಕ್ಷ್ಮಜೀವಿಗಳ ಹಿಂಸೆಯಿದೆ ಎಂದವರು. ಮಾಡುವುದು, ಮಾಡಿಸುವುದು, ಮೆಚ್ಚುವುದು ಮೂರೂ ಕರ್ಮವೇ ಎನ್ನುವ ದರ್ಶನದಲ್ಲಿ ಕೊಳ್ಳುವವನಿಗೆ ಅಡಗಲು ಮೂಲೆಯಿಲ್ಲ.

ಹಾಗಾದರೆ ಫಿಲ್ಮ್ ನಿಷಿದ್ಧವೇ? ಮುನಿಗೆ ಕ್ಯಾಮೆರಾದ ಹಂಗೇ ಇಲ್ಲ. ಶ್ರಾವಕನ, ಅಂದರೆ ಗೃಹಸ್ಥ ಜೈನನ, ಸಂಗತಿ ಬೇರೆ. ಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆಯನ್ನು ಅವನು ಬಿಡಲೇಬೇಕು. ಮನೆವಾರ್ತೆಯ ಆರಂಭಿ, ಕಸುಬಿನ ಉದ್ಯೋಗಿ, ಎದುರಿಸಿ ನಿಲ್ಲುವಾಗಿನ ವಿರೋಧಿ ಹಿಂಸೆಗಳನ್ನು ಆದಷ್ಟು ತಗ್ಗಿಸಬೇಕು. ಎರೆಹೊಲ ಉಳುವ ಜೈನ ರೈತನಿಗೂ ಮಣ್ಣೊಳಗಿನ ಹುಳುವಿನ ಋಣ ತಪ್ಪಿದ್ದಲ್ಲ. ಆದರೆ ಉಳುಮೆ ಹೊಟ್ಟೆಪಾಡು, ಪೋಲರಾಯ್ಡ್ ಶೋಕಿ. ಮದುವೆಮನೆಯಲ್ಲಿ ಚಿತ್ರ ತೆಗೆದು ಬದುಕುವವನು ‘ಉದ್ಯೋಗಿ’ ಎಂಬ ನೆರಳಿಗೆ ಸರಿಯಬಹುದು. ಹವ್ಯಾಸಿಗೆ ಆ ನೆರಳೂ ತೆಳು.

‘ತತ್ತ್ವಾರ್ಥ ಸೂತ್ರ’ ಹಿಂಸೆಯ ಲಕ್ಷಣ ಹೇಳುವಾಗ ಪ್ರಾಣಹಾನಿಯ ಜೊತೆ ಪ್ರಮಾದವನ್ನು, ಮೈಮರೆವನ್ನು, ಸೇರಿಸುತ್ತದೆ. ಫಿಲ್ಮಿನ ಆಯ್ಕೆಯೂ ಬಳಕೆಯೂ ಧರ್ಮದ ವಿಷಯವಾಗುವುದು ಇಲ್ಲಿ. 1972ರ ಎಸ್‌ಎಕ್ಸ್-70 ಕ್ಯಾಮೆರಾಕ್ಕೆ ಅದರದ್ದೇ ಮಂದ ಫಿಲ್ಮ್ ಬೇಕು. ಸುಮಾರು ನಾಲ್ಕು ಪಟ್ಟು ಚುರುಕಾದ 600 ಫಿಲ್ಮನ್ನು ಫಿಲ್ಟರ್ ಇಲ್ಲದೆ ತುರುಕಿದರೆ ಚಿತ್ರಗಳು ಬೆಳ್ಳಗೆ ಸುಟ್ಟುಹೋಗುತ್ತವೆ. ಬ್ಯಾಟರಿಯಿಲ್ಲದ ಐ-ಟೈಪ್ ಪೊಟ್ಟಣ ಅಗ್ಗವೆಂದು ತಂದರೆ ಹಳೆಯ ಕ್ಯಾಮೆರಾ ಉಸಿರೇ ಎತ್ತುವುದಿಲ್ಲ, ಅದರ ವಿದ್ಯುತ್ತು ಬರುವುದೇ ಫಿಲ್ಮ್ ಪೊಟ್ಟಣದಿಂದ. ಪೊಟ್ಟಣಕ್ಕೆ ಎಂಟೇ ಚಿತ್ರ. ರೋಲರಿನ ಮೇಲೆ ಒಣಗಿದ ರಾಸಾಯನಿಕ ಒರೆಸದೆ ಬಿಟ್ಟರೆ ಅವುಗಳಲ್ಲೂ ಕಲೆ.

ಬಿಸಿಲಿನದು ಇನ್ನೊಂದು ಕಾಟ. ಫಿಲ್ಮಿಗೆ ಒಗ್ಗುವುದು 13ರಿಂದ 28 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ಧಾರವಾಡದ ಬಯಲುಸೀಮೆ ಅದನ್ನು ಎಂದೋ ದಾಟಿರುತ್ತದೆ, ಬಣ್ಣ ಹಳದಿಗೋ ಗುಲಾಬಿಗೋ ವಾಲುತ್ತದೆ. ಒಡೆಯದ ಪೊಟ್ಟಣ ಫ್ರಿಜ್‌ನಲ್ಲಿ ಮಲಗಿರಲಿ, ಫ್ರೀಜರಿನಲ್ಲಿ ಬೇಡ. ತಂಪು ಆರಿದ ಮೇಲೆ ಬಳಸಬೇಕು. ಚಿತ್ರ ಹೊರಬಿದ್ದೊಡನೆ ಬೆಳಕಿನಿಂದ ಮರೆಮಾಡಿ ಅಂಗಾತ ಇಡುವುದು ಒಳ್ಳೆಯದು. ಬಣ್ಣದ್ದು ಪೂರ್ತಿ ಮೂಡಲು ಹದಿನೈದು ನಿಮಿಷ ಬೇಕು. ಝಾಡಿಸಿದರೆ ಬೇಗ ಬರುತ್ತದೆಂಬುದು ಸುಳ್ಳು. ಪದರ ಸುಲಿಯುತ್ತಿದ್ದ ಹಳೆಯ ಫಿಲ್ಮುಗಳನ್ನು ಒಣಗಿಸಬೇಕಿದ್ದ ಕಾಲದ ಚಟ ಅದು.

ಅವಧಿ ಮೀರಿದ ಫಿಲ್ಮಿನ ಕತೆ ಇನ್ನೂ ಸಿಕ್ಕಲು. ಮೂಲ ಪೋಲರಾಯ್ಡ್ ಕಂಪನಿ 2008ರಲ್ಲಿ ಫಿಲ್ಮ್ ನಿಲ್ಲಿಸುವುದಾಗಿ ಸಾರಿತು. ನೆದರ್‌ಲೆಂಡ್ಸ್‌ನ ಎನ್ಸ್‌ಖೆಡೆಯ ಕಾರ್ಖಾನೆಯನ್ನು ‘ಇಂಪಾಸಿಬಲ್ ಪ್ರಾಜೆಕ್ಟ್’ ಉಳಿಸಿಕೊಂಡು 2010ರಲ್ಲಿ ಹೊಸ ಫಿಲ್ಮ್ ತಂದಿತು. ಹಳೆಯ ದಾಸ್ತಾನು ಕೊಂಡರೆ ಹೊಸ ಜೆಲಟಿನ್ ಬೇಯುವುದಿಲ್ಲ, ಅನುಮೋದನೆಯ ಪಾಪ ಹಗುರ ಎನ್ನಬಹುದು. ಆದರೆ ಅದರ ಬ್ಯಾಟರಿ ಸತ್ತಿರಬಹುದು, ಒಳಗಿನ ರಾಸಾಯನಿಕ ಒಣಗಿರಬಹುದು. ಎಂಟೋ ಹತ್ತೋ ಚಿತ್ರಗಳು ಯಾರಿಗೂ ದಕ್ಕದೆ ಕಸವಾಗುತ್ತವೆ. ಅಹಿಂಸೆಯ ಲೆಕ್ಕದಲ್ಲಿ ಗೆದ್ದದ್ದನ್ನು ಪ್ರಮಾದದ ಲೆಕ್ಕದಲ್ಲಿ ಸೋತಂತೆ. ಇವೆರಡರ ನಡುವೆ ಪರಿಗ್ರಹ ಪರಿಮಾಣದ ವ್ರತವೇ ಹೆಚ್ಚು ವ್ಯವಹಾರಜ್ಞಾನದ್ದೆನಿಸುತ್ತದೆ: ವರ್ಷಕ್ಕೆ ಇಂತಿಷ್ಟೇ ಪೊಟ್ಟಣವೆಂದು ಮೊದಲೇ ಗೆರೆ ಎಳೆದುಕೊಂಡು, ತಾಜಾ ಫಿಲ್ಮ್ ತರಿಸಿ, ಬಿಸಿಲು ಏರುವ ಮೊದಲೇ ತೆಗೆದು ಮುಗಿಸುವುದು.