ಬಿತ್ತದ ಸೊಪ್ಪಿನ ಋಣ

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ನಮ್ಮ ಹಿರಿಯರು ಗಾದೆ ಮಾಡಿದರು. ಉಣ್ಣುವವನ ನಾಲಗೆಯ ಮೇಲೆ ಇನ್ನೊಬ್ಬರ ಅಧಿಕಾರ ನಡೆಯಕೂಡದು ಎಂಬುದು ಅದರ ಸರಳವಾದ ಅರ್ಥ. ಈ ಮಾತು ನಮಗೆ ಒಪ್ಪಿಗೆಯೇ. ಆದರೆ ತಟ್ಟೆಗೆ ಬಂದ ಪದಾರ್ಥ ಯಾವ ಜೀವದಿಂದ ಬಂತು, ಯಾವ ನೆಲದಿಂದ ಬಂತು, ಯಾರ ಕೈಯಿಂದ ಬಂತು ಎಂಬ ವಿಚಾರವನ್ನೂ ತನ್ನಿಚ್ಛೆಗೇ ಬಿಟ್ಟುಬಿಡಬಹುದೇ? ಈ ಪ್ರಶ್ನೆಯನ್ನು ವಾಚಕರ ಮುಂದಿಡಬೇಕೆಂದು ನಮಗೆ ಅನ್ನಿಸಿದೆ.

ಅದಕ್ಕೆ ಕಾರಣವೂ ಇದೆ. ದೊಡ್ಡ ನಗರಗಳ ಹೋಟೆಲುಗಳಲ್ಲಿ ಈಗ ಒಂದು ಹೊಸ ಬಗೆಯ ಊಟಕ್ಕೆ ಮನ್ನಣೆ ದೊರೆತಿದೆ. ಪಾಶ್ಚಾತ್ಯರ ‘ಸ್ಟೇಕ್’ ಎಂಬ, ಬೆನ್ನಿನ ಅಥವಾ ಸೊಂಟದ ಭಾಗದಿಂದ ದಪ್ಪವಾಗಿ ಕೊಯ್ದ ಮಾಂಸದ ತುಂಡನ್ನು ಕೆಂಡದ ಮೇಲೆ ಸುಡುತ್ತಾರೆ. ಅದರ ಪಕ್ಕದಲ್ಲಿ ಆಯಾ ಋತುವಿನಲ್ಲಿ ಆಸುಪಾಸಿನ ಹೊಲ, ಕಾಡುಗಳಿಂದ ಆಯ್ದು ತಂದ ಸೊಪ್ಪನ್ನು ಇಟ್ಟು ಬಡಿಸುತ್ತಾರೆ. ಪಾಕಶಾಸ್ತ್ರದ ದೃಷ್ಟಿಯಿಂದ ಇದರಲ್ಲಿ ಜಾಣತನವಿದೆ. ಮಾಂಸದ ನೀರನ್ನು ಒರೆಸಿ, ಉಪ್ಪು ಸವರಿ, ಬಲವಾದ ಕಾವಿನಲ್ಲಿ ಎರಡೂ ಮಗ್ಗುಲು ಸುಟ್ಟು, ಇಳಿಸಿದ ಮೇಲೆ ಐದಾರು ನಿಮಿಷ ಹಾಗೆಯೇ ಬಿಡಬೇಕು. ಆಗ ಒಳಗಿನ ರಸ ನಿಲ್ಲುತ್ತದೆ. ಬಳಿಕ ಎಳೆಗೆ ಅಡ್ಡವಾಗಿ ಕೊಯ್ದರೆ ಮೆತ್ತಗಿರುತ್ತದೆ. ಕೊಬ್ಬು ನಾಲಗೆಯನ್ನು ಮಂಕಾಗಿಸಿದರೆ ಸೊಪ್ಪಿನ ಹುಳಿ, ಕಹಿಗಳು ಅದನ್ನು ಮತ್ತೆ ಎಚ್ಚರಿಸುತ್ತವೆ. ಇದರ ಕೀರ್ತಿ ಹಬ್ಬಿದ್ದು ಮುಖ್ಯವಾಗಿ ಯೂರೋಪಿನ ಉತ್ತರ ಭಾಗದಿಂದ. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ 2003ರಲ್ಲಿ ‘ನೋಮಾ’ ಎಂಬ ಭೋಜನಶಾಲೆ ಆರಂಭವಾಯಿತು. 2004ರಲ್ಲಿ ಆ ಕಡೆಯ ಬಾಣಸಿಗರು ಕೂಡಿ ಋತುವಿಗೂ ನೆಲಕ್ಕೂ ಒಪ್ಪುವ ಅಡುಗೆಯೇ ತಮ್ಮ ಧ್ಯೇಯವೆಂದು ಘೋಷಿಸಿದರು. ಅಲ್ಲಿಂದ ಮುಂದೆ ಕಾಡು ಸೊಪ್ಪು ಆಯುವುದು ಸಿರಿವಂತರ ಮೇಜಿನ ಗೌರವದ ವಿಷಯವಾಯಿತು.

ಇದನ್ನು ಕೇಳಿ ನಮ್ಮ ಹಳ್ಳಿಯ ಅಜ್ಜಿಯರು ನಕ್ಕಾರು. ಮಾಂಸಕ್ಕೂ ಸೊಪ್ಪಿಗೂ ನಂಟು ಬೆಳೆಸಲು ಅವರಿಗೆ ಕೋಪನ್‌ಹೇಗನ್ ಬೇಕಾಗಿರಲಿಲ್ಲ. ಹೈದರಾಬಾದಿನ ಬಂಧುಗಳು ಗೋಂಗೂರ ಹಾಕಿದ ಮಾಂಸವನ್ನು ಬಲ್ಲರು. ಆ ಗೋಂಗೂರವೇ ನಮ್ಮ ಉತ್ತರ ಕರ್ನಾಟಕದ ಪುಂಡಿ, ಮರಾಠಿಯವರ ಅಂಬಾಡಿ. ಕೊಡಗಿನವರಿಗೆ ಮಳೆಗಾಲದ ಕಣಿಲೆಯೂ ಗೊತ್ತು, ಕಕ್ಕಡ ಮಾಸದ 18ನೆಯ ದಿನದ ಮದ್ದುಸೊಪ್ಪಿನ ಪಾಯಸವೂ ಗೊತ್ತು. ಕೋಲಾರದ ಕಡೆ ಹೊಲದ ಬದುವಿನಿಂದ ಹತ್ತು ಬಗೆಯ ಎಲೆ ಕೊಯ್ದು ತಂದು ಬೆರಕೆ ಸೊಪ್ಪಿನ ಸಾರು ಮಾಡಿದರೆ ಮುದ್ದೆಗೆ ಬೇರೇನೂ ಬೇಡ. ತುಳುನಾಡಿನಲ್ಲಿ ಆಟಿ ತಿಂಗಳೆಂದರೆ ತಜಂಕ್, ತಿಮರೆ, ಕೆಸುವಿನ ಎಲೆಗಳ ತಿಂಗಳು.

ಇನ್ನೊಂದು ಸೋಜಿಗವನ್ನು ಗಮನಿಸಿ. ನಾವು ಊರು ಬಿಟ್ಟು ಬಂದರೂ ಈ ಸೊಪ್ಪುಗಳು ನಮಗಿಂತ ಮೊದಲೇ ಇಲ್ಲಿವೆ. ಹೆಸರು ಮಾತ್ರ ಬೇರೆ. ನಮ್ಮ ತಗಚೆ ಮುಂಬಯಿ, ಪುಣೆಗಳಲ್ಲಿ ಟಾಕಳಾ, ಅಣ್ಣೆಸೊಪ್ಪು ಇಲ್ಲಿ ಕುರ್ಡು, ಗೋಣಿಸೊಪ್ಪು ಘೋಳ್. ನಮ್ಮ ಹೊನಗೊನ್ನೆ ಚೆನ್ನೈಯಲ್ಲಿ ಪೊನ್ನಾಂಗಣ್ಣಿ, ಗಣಿಕೆ ಸೊಪ್ಪು ಮಣತ್ತಕ್ಕಾಳಿ. ದಿಲ್ಲಿಯವರಿಗೆ ಚಳಿಗಾಲದಲ್ಲಿ ಗೋಧಿಯ ಹೊಲದ ನಡುವೆ ತಾನಾಗಿ ಏಳುವ ಬಥುವಾ ಇದೆ. ಆದರೂ ನಮ್ಮಲ್ಲಿ ಬಹುಮಂದಿ ಬಟಾಟೆ, ಹೂಕೋಸುಗಳ ಮುಂದೆ ನಿಂತು ಇವುಗಳ ಕಡೆ ಕಣ್ಣು ಹಾಯಿಸುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ. ಬಿತ್ತದೆ ಬೆಳೆದದ್ದು ಬಡವರ ಊಟ, ಬರಗಾಲದ ಊಟ ಎಂಬ ಸಂಕೋಚವೂ ಅದರ ಹಿಂದೆ ಇದೆ. ಅದೇ ಎಲೆ ಬಿಳಿಯ ಪಿಂಗಾಣಿಯ ಮೇಲೆ ಬಂದಾಗ ಸಂಕೋಚ ಹೋಗಿ ಪ್ರತಿಷ್ಠೆ ಬರುತ್ತದೆ.

ಪ್ರತಿಷ್ಠೆಯ ಜೊತೆಗೆ ಪುಣ್ಯದ ಭಾವವೂ ಬರುತ್ತದೆ. ನಮ್ಮ ವಿಚಾರ ಇರುವುದು ಇಲ್ಲಿ. ಸ್ಥಳೀಯವಾದದ್ದನ್ನು, ಋತುವಿಗೆ ಸರಿಯಾದದ್ದನ್ನು ತಿಂದವನು ತನ್ನಷ್ಟಕ್ಕೆ ಒಳ್ಳೆಯ ಕೆಲಸ ಮಾಡಿದಂತಾಯಿತೇ? ಇಲ್ಲವೆಂದೇ ನಮಗೆ ತೋರುತ್ತದೆ. ಆ ತಟ್ಟೆಯಲ್ಲಿ ಮೂರು ಋಣಗಳಿವೆ. ಅವನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಪ್ರಾಣಿಯ ಋಣ. ನಮ್ಮ ವಾಚಕರಲ್ಲಿ ಶಾಕಾಹಾರಿಗಳಿದ್ದಾರೆ, ಮಾಂಸಾಹಾರಿಗಳಿದ್ದಾರೆ. ಯಾರ ಮೇಲೂ ತೀರ್ಪು ಕೊಡುವುದು ನಮ್ಮ ಉದ್ದೇಶವಲ್ಲ. ಮಹಾಭಾರತದ ವನಪರ್ವದಲ್ಲಿ ಧರ್ಮವ್ಯಾಧನ ಕಥೆ ಬರುತ್ತದೆ. ಕೌಶಿಕನೆಂಬ ತಪಸ್ವಿ ಧರ್ಮವನ್ನು ಕಲಿಯಲು ಮಿಥಿಲೆಗೆ ಹೋದಾಗ ಅವನಿಗೆ ಗುರುವಾಗಿ ಸಿಕ್ಕವನು ಮಾಂಸ ಮಾರುವ ವ್ಯಾಧ. ಅವನು ತಾನು ಕೊಲ್ಲುವುದಿಲ್ಲ, ತಿನ್ನುವುದೂ ಇಲ್ಲ; ಇತರರು ಕೊಂದ ಹಂದಿ, ಎಮ್ಮೆಗಳ ಮಾಂಸವನ್ನು ಮಾರುತ್ತಾನೆ. ತನ್ನ ಕಸುಬು ಘೋರವಾದದ್ದೆಂದು ಅವನೇ ಒಪ್ಪಿಕೊಳ್ಳುತ್ತಾನೆ. ಆದರೆ ನೇಗಿಲು ಹೂಡಿದವನೂ ನೆಲದೊಳಗಿನ ಎಷ್ಟೋ ಜೀವಗಳನ್ನು ಕೊಲ್ಲುತ್ತಾನೆ, ಕಾಳಿನಲ್ಲೂ ಜೀವವಿದೆ, ನೆಲದ ಮೇಲೆ ನಡೆದಾಡುವವನಿಂದಲೂ ಹಿಂಸೆ ತಪ್ಪದು ಎಂದು ಅವನು ತಪಸ್ವಿಗೆ ತಿಳಿಸಿಕೊಡುತ್ತಾನೆ. ಎಲ್ಲರೂ ಕೊಲ್ಲುವರಾದ್ದರಿಂದ ಯಾರಿಗೂ ಹೊಣೆಯಿಲ್ಲ ಎಂದು ಇದನ್ನು ತಿಳಿಯುವುದು ತಪ್ಪು. ಯಾರ ಕೈಯೂ ಪೂರ್ತಿ ಶುಚಿಯಲ್ಲವಾದ್ದರಿಂದ ಹಿಂಸೆಯನ್ನು ಆದಷ್ಟು ಕಡಿಮೆ ಮಾಡುವ ಪ್ರಯತ್ನ ಎಲ್ಲರ ಪಾಲಿನದು ಎಂಬುದೇ ಅದರ ತಾತ್ಪರ್ಯ.

ಇದು ಇಂದಿನ ಲೆಕ್ಕಕ್ಕೂ ಸರಿ. ನಮ್ಮ ದೇಶದ ಹೋಟೆಲುಗಳಲ್ಲಿ ಸ್ಟೇಕ್ ಎಂಬ ಹೆಸರಿನಲ್ಲಿ ಬರುವುದು ಹೆಚ್ಚಾಗಿ ಎಮ್ಮೆ, ಕೋಣಗಳ ಮಾಂಸ. ಎಮ್ಮೆ ಹಾಲು ಕೊಡಬೇಕಾದರೆ ಕರು ಹಾಕಬೇಕು. ಹುಟ್ಟುವ ಕರುಗಳಲ್ಲಿ ಸರಿಸುಮಾರು ಅರ್ಧ ಗಂಡು. ಉಳುಮೆಗೆ ಟ್ರ್ಯಾಕ್ಟರು ಬಂದ ಮೇಲೆ, ನಗರದ ತಬೇಲಾಗಳಲ್ಲಿ ಮೇವಿನ ಬೆಲೆ ಏರಿದ ಮೇಲೆ, ಆ ಗಂಡು ಕರುವಿಗೆ ಯಾರ ಮನೆಯಲ್ಲಿ ಜಾಗವಿದೆ? ಮಾಂಸವನ್ನು ಕಣ್ಣೆತ್ತಿ ನೋಡದ ಮನೆಯ ಬೆಳಗಿನ ಕಾಫಿಯಲ್ಲಿಯೂ ಆ ಕರುವಿನ ಋಣ ಸೇರಿಕೊಂಡಿದೆ. ಆದುದರಿಂದ ತಿನ್ನುವವನು ಪೋಲು ಮಾಡದೆ ಮಿತವಾಗಿ ತಿನ್ನಲಿ. ತಿನ್ನದವನು ತಾನು ಮೇಲಿನವನೆಂಬ ಗರ್ವವನ್ನು ಬಿಡಲಿ. ಇಷ್ಟಾದರೂ ನಮ್ಮಿಂದ ಆಗುವ ಮಾತು.

ಎರಡನೆಯದು ನೆಲದ ಋಣ. ಸೊಪ್ಪು ತಾನಾಗಿ ಬೆಳೆಯುತ್ತದೆ ಎಂದರೆ ತಾನಾಗಿ ಉಳಿಯುತ್ತದೆ ಎಂದಲ್ಲ. ಸಹ್ಯಾದ್ರಿಯ ಇಳಿಜಾರುಗಳಲ್ಲಿ ಮೊದಲ ಮಳೆಗೆ ಏಳುವ ಫೋಡಶಿ ಎಂಬ ಸೊಪ್ಪು ಮುಂಬಯಿಯ ಸಂತೆಗಳಿಗೆ ಬರುತ್ತದೆ. ಅದು ಔಷಧಿಯ ಸಫೇದ್ ಮುಸಲಿಯ ಬಳಗದ್ದು. ಎಲೆಯನ್ನು ಕೊಯ್ದರೆ ಗಡ್ಡೆ ನೆಲದಲ್ಲಿದ್ದು ಮುಂದಿನ ಮಳೆಗೆ ಮತ್ತೆ ಚಿಗುರೀತು. ಔಷಧಿಯ ಆಸೆಗೆ ಗಡ್ಡೆಯನ್ನೇ ಅಗೆದರೆ ಅಲ್ಲಿಗೆ ಮುಗಿಯಿತು. ಹಾಗೆ ಅಗೆದು ಅಗೆದು ಮುಸಲಿ ಕಾಡಿನಲ್ಲಿ ವಿರಳವಾಗಿದೆ. ಹೊಲದ ಸೊಪ್ಪಿನ ಕಥೆ ಬೇರೆ. ರಾಗಿ, ಜೋಳಗಳ ಸಾಲಿನ ನಡುವೆ ಬೆಳೆದದ್ದು ಒಡೆಯನಿಗೆ ಕಳೆ. ಕಳೆ ಕೀಳುವ ಹೆಣ್ಣುಮಗಳಿಗೆ ಅದೇ ಸಂಜೆಯ ಸಾರು. ಒಂದೇ ಗಿಡ, ಎರಡು ಹೆಸರು. ಈಗ ಕಳೆನಾಶಕದ ಔಷಧ ಹೊಡೆದರೆ ಒಡೆಯನ ಕೂಲಿ ಉಳಿಯುತ್ತದೆ. ಆದರೆ ಅವಳಿಗೆ ಕೂಲಿಯೂ ಹೋಯಿತು, ಸಾರೂ ಹೋಯಿತು. ತೆಲಂಗಾಣದ ಜಹೀರಾಬಾದಿನ ಸುತ್ತ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಮಹಿಳೆಯರು ಇಂಥ ಬಿತ್ತದ ಸೊಪ್ಪುಗಳನ್ನು ಗುರುತಿಸಿ, ಹೆಸರಿಸಿ, ಇವು ಕಳೆಯಲ್ಲ, ಆಹಾರ ಎಂದು ಸಾರಿದರು. ಆ ಸಂಸ್ಥೆಯನ್ನು ಕಟ್ಟಿದವರಲ್ಲೊಬ್ಬರಾದ, 2023ರಲ್ಲಿ ತೀರಿಕೊಂಡ ಪಿ. ವಿ. ಸತೀಶ್ ಮೈಸೂರಿನಲ್ಲಿ ಹುಟ್ಟಿದವರು ಎಂಬುದು ಹೊರನಾಡ ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

ಮೂರನೆಯದು ಆಯ್ದವರ ಋಣ. ನಮ್ಮ ಮನಸ್ಸಿಗೆ ಅತ್ಯಂತ ಸಮೀಪದ ಪ್ರಶ್ನೆ ಇದೇ. ಜೂನ್, ಜುಲೈ ತಿಂಗಳಲ್ಲಿ ವಸಯಿ, ಠಾಣೆ, ದಾದರಗಳ ಬೀದಿಯ ಬದಿಯಲ್ಲಿ ವಾರಲಿ, ಕಾತಕರಿ, ಠಾಕೂರ ಪಂಗಡಗಳ ಹೆಂಗಸರು ಸೊಪ್ಪಿನ ಕಟ್ಟುಗಳನ್ನು ಹರಡಿಕೊಂಡು ಕುಳಿತಿರುತ್ತಾರೆ. ಇವರೊಡನೆ ಚೌಕಾಶಿ ಮಾಡುವಾಗ ಒಂದು ಮಾತು ಸಲೀಸಾಗಿ ಹೊರಡುತ್ತದೆ: ‘ಕಾಡಿನಲ್ಲಿ ಬಿಟ್ಟಿ ಸಿಕ್ಕಿದ್ದಕ್ಕೆ ಇಷ್ಟೊಂದು ದರವೇ?’ ಈ ಮಾತಿನೊಳಗೆ ಒಂದು ತತ್ತ್ವವೇ ಅಡಗಿದೆ. ಬಿತ್ತಿದವನಿಗೆ ಮಾತ್ರ ಬೆಲೆ ಕೇಳುವ ಹಕ್ಕು. ಆಯ್ದವನಿಗೆ ಅದಿಲ್ಲ ಎಂಬ ತತ್ತ್ವ.

ಇತರ ದೇಶಗಳು ಈ ಪ್ರಶ್ನೆಯನ್ನು ಹೇಗೆ ಬಿಡಿಸಿಕೊಂಡಿವೆ ಎಂದು ನೋಡಬಹುದು. ಸ್ವೀಡನ್ನಿನಲ್ಲಿ ಪರರ ನೆಲದ ಮೇಲೂ ಕಾಡು ಹಣ್ಣು, ಅಣಬೆಗಳನ್ನು ಆಯುವ ಹಕ್ಕು ಎಲ್ಲರಿಗೂ ಇದೆ. ಇಂಗ್ಲೆಂಡಿನ 1968ರ ಕಳ್ಳತನದ ಕಾಯಿದೆ ಒಂದು ಗೆರೆ ಎಳೆಯುತ್ತದೆ: ಕಾಡಾಗಿ ಬೆಳೆದ ಗಿಡದ ಹೂವು, ಹಣ್ಣು, ಎಲೆಗಳನ್ನು, ಅಣಬೆಯನ್ನು ಕಿತ್ತವನು ಕಳ್ಳನಲ್ಲ, ಆದರೆ ಮಾರುವ ಉದ್ದೇಶದಿಂದ ಕಿತ್ತರೆ ಆ ವಿನಾಯಿತಿ ಇಲ್ಲ. ಹೊಟ್ಟೆಗಾಗಿ ಆಯುವುದು ಸರಿ, ಹಣಕ್ಕಾಗಿ ಆಯುವುದು ಸಂಶಯದ್ದು ಎಂಬ ಈ ನ್ಯಾಯ ಮೇಲುನೋಟಕ್ಕೆ ಒಪ್ಪುವಂತಿದೆ. ನಮ್ಮ ನೆಲಕ್ಕೆ ಅದನ್ನು ತಂದರೆ ಮಾತ್ರ ತಲೆಕೆಳಗಾಗುತ್ತದೆ. ಹವ್ಯಾಸಕ್ಕಾಗಿ ನಾಲ್ಕು ಎಲೆ ಕೊಯ್ಯುವ ಪಟ್ಟಣಿಗ ನಿರ್ದೋಷಿ. ಬುಟ್ಟಿ ಹೊತ್ತು ರೈಲು ಹತ್ತಿ ಬಂದು ಮಾರಿ, ಅದರಿಂದ ಅಕ್ಕಿ ಕೊಳ್ಳುವವಳು ಅಪರಾಧಿ! ಅವಳಿಗೆ ಮಾರಾಟವೇ ಹೊಟ್ಟೆಪಾಡು. ನಮ್ಮಲ್ಲಿಯೂ 1927ರ ಅರಣ್ಯ ಕಾಯಿದೆಯ ಕಣ್ಣಿನಲ್ಲಿ ಕಾಡಿನ ಎಲೆಯೂ ಅರಣ್ಯ ಉತ್ಪನ್ನವೇ ಆಗಿತ್ತು. 2006ರ ಅರಣ್ಯ ಹಕ್ಕುಗಳ ಕಾಯಿದೆ ಬಂದ ಮೇಲೆಯೇ ಪರಂಪರೆಯಿಂದ ಆಯುತ್ತ ಬಂದ ಕಿರು ಅರಣ್ಯ ಉತ್ಪನ್ನಗಳ ಮೇಲೆ ಕಾಡಿನ ಜನರಿಗೆ ಒಡೆತನವೂ, ಸಂಗ್ರಹಿಸಿ ಬಳಸುವ, ಮಾರುವ ಹಕ್ಕೂ ಕಾನೂನಿನಲ್ಲಿ ದೊರೆತವು. ಅಂದರೆ ಆಯ್ದವಳು ಕೇಳುವ ದರ ದಾನವೂ ಅಲ್ಲ, ದಂಡವೂ ಅಲ್ಲ; ಅದು ಅವಳ ಹಕ್ಕು.

ಅವಳು ಮಾರುವುದು ಬರಿಯ ಎಲೆಯನ್ನೂ ಅಲ್ಲ. ತಗಚೆಯನ್ನು ಹೂ ಬಿಡುವ ಮೊದಲೇ ಕೊಯ್ಯಬೇಕು, ಆಮೇಲೆ ಅದು ಒರಟು, ಕಹಿ. ಶೇವಳಾ ಎಂಬ ಕಾಡು ಸುವರ್ಣಗಡ್ಡೆಯ ಮೊಗ್ಗನ್ನು ಹಾಗೆಯೇ ಬೇಯಿಸಿದರೆ ಗಂಟಲು ತುರಿಸುತ್ತದೆ. ಅದಕ್ಕೆಂದೇ ಕಾಕಡ ಎಂಬ ಹುಳಿಗಾಯಿಯನ್ನು ಜೊತೆಗೆ ಕೊಡುತ್ತಾರೆ. ನಮ್ಮ ಪತ್ರೊಡೆಯ ಕೆಸುವಿಗೆ ಹುಣಿಸೆ ಹಾಕುವುದೂ ಇದೇ ಕಾರಣಕ್ಕೆ. ಯಾವ ಎಲೆ ತಿನ್ನುವುದು, ಯಾವುದನ್ನು ಮುಟ್ಟಬಾರದು, ಯಾವ ವಾರದಲ್ಲಿ ಕೊಯ್ಯುವುದು ಎಂಬ ವಿದ್ಯೆ ತಲೆತಲಾಂತರದ ಗಳಿಕೆ. ವೈದ್ಯರ ಸಲಹೆಗೆ ಶುಲ್ಕ ಕೊಡುವ ನಾವು ಈ ವಿದ್ಯೆಯನ್ನು ಮಾತ್ರ ಬಿಟ್ಟಿ ಎಂದು ಕರೆಯುವುದು ನ್ಯಾಯವೇ?

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದನ್ನು ಮರೆಮಾಚಬಾರದು. ಒಳ್ಳೆಯ ದರ ಸಿಕ್ಕಿತೆಂದರೆ ಹೆಚ್ಚು ಜನ ಕಾಡಿಗೆ ಇಳಿಯುತ್ತಾರೆ. ಸಿರಿವಂತರ ಹೋಟೆಲುಗಳು ಗೋಣಿ ಗೋಣಿಯಾಗಿ ಕೊಂಡರೆ ಮೂರನೆಯ ಋಣ ತೀರಿಸಲು ಹೋಗಿ ಎರಡನೆಯದು ಬೆಳೆಯುತ್ತದೆ. ಈ ಭಯ ಸುಳ್ಳಲ್ಲ. ಆದರೆ ಕಡಿಮೆ ದರ ಕೊಟ್ಟು ಕಾಡನ್ನು ಉಳಿಸುತ್ತೇವೆಂಬುದು ಬಡವರ ಖರ್ಚಿನಲ್ಲಿ ಪುಣ್ಯ ಕಟ್ಟಿಕೊಳ್ಳುವ ಉಪಾಯ. ದರ ಕಡಿಮೆಯಾದರೆ ಅವರು ಇನ್ನಷ್ಟು ಕೀಳಬೇಕಾಗುತ್ತದೆ. ಮಿತಿ ಕೊಳ್ಳುವವರ ಕಡೆಯಿಂದ ಬರಬೇಕು. ಋತು ಮುಗಿದ ಮೇಲೆ ಕೇಳದಿರುವುದು, ಬೇರುಸಹಿತ ಕಿತ್ತದ್ದನ್ನು ಕೊಳ್ಳದಿರುವುದು, ವರ್ಷಕ್ಕೆ ನಾಲ್ಕಾರು ಸಲ ತಿಂದು ತೃಪ್ತಿಪಡುವುದು ನಮ್ಮ ಕೈಯಲ್ಲಿದೆ. ಉಳಿದದ್ದನ್ನು ಆ ಊರಿನ ಗ್ರಾಮಸಭೆಗೆ ಬಿಡಬಹುದು. ಕಾಡನ್ನು ಕಾಯುವ ಅಧಿಕಾರವನ್ನೂ 2006ರ ಕಾಯಿದೆ ಅದಕ್ಕೆ ಕೊಟ್ಟಿದೆ.

ಪಾಂಡವರ ಅಕ್ಷಯಪಾತ್ರೆಯ ಅಂಚಿಗೆ ಅಂಟಿಕೊಂಡಿದ್ದ ಒಂದು ಚೂರು ಸೊಪ್ಪಿನಿಂದ ಕೃಷ್ಣನು ದೂರ್ವಾಸರ ಪರಿವಾರದ ಹಸಿವನ್ನೆಲ್ಲ ತಣಿಸಿದನೆಂಬ ಕಥೆಯನ್ನು ನಾವೆಲ್ಲ ಮಕ್ಕಳಿಗೆ ಹೇಳುತ್ತೇವೆ. ಅದನ್ನು ಪವಾಡವೆಂದು ಹೇಳಿ ಮುಗಿಸದೆ, ಆ ಸೊಪ್ಪು ಯಾವುದಿದ್ದೀತು, ವನವಾಸದಲ್ಲಿದ್ದವರಿಗೆ ಅದನ್ನು ಯಾರು ತೋರಿಸಿಕೊಟ್ಟಿರಬಹುದು ಎಂದು ಮಕ್ಕಳನ್ನು ಕೇಳಿದರೆ ಏನು ತಪ್ಪು?

ಹೊರನಾಡಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಕನ್ನಡ ಕಲಿಸುವ ಚಿಂತೆ ಪ್ರತಿ ಸಭೆಯಲ್ಲೂ ಕೇಳಿಬರುತ್ತದೆ. ಭಾಷೆಯೆಂದರೆ ಪಠ್ಯಪುಸ್ತಕವಷ್ಟೇ ಅಲ್ಲ. ಅಣ್ಣೆ, ಗೋಣಿ, ಗಣಿಕೆ, ಹೊನಗೊನ್ನೆ ಎಂಬ ಹೆಸರುಗಳೂ ಭಾಷೆಯೇ. ಹೆಸರು ಮರೆತ ಗಿಡ ಕಣ್ಣಿಗೆ ಬೀಳುವುದಿಲ್ಲ. ಕಣ್ಣಿಗೆ ಬೀಳದ್ದನ್ನು ಕಾಪಾಡಬೇಕೆಂದು ಯಾರಿಗೂ ಅನ್ನಿಸುವುದಿಲ್ಲ. ಈ ಮಳೆಗಾಲದಲ್ಲಿ ಒಂದು ಭಾನುವಾರ ಮಕ್ಕಳನ್ನು ಸಂತೆಗೆ ಕರೆದೊಯ್ದು ಸೊಪ್ಪು ಮಾರುವವಳ ಮುಂದೆ ಕುಳ್ಳಿರಿಸಿ. ಅವಳ ಭಾಷೆಯಲ್ಲಿ ಅದರ ಹೆಸರೇನೆಂದು ಕೇಳಲಿ, ನಮ್ಮ ಹೆಸರನ್ನು ನೀವು ಹೇಳಿ, ಹೇಗೆ ಬೇಯಿಸಬೇಕೆಂದು ಅವಳಿಂದಲೇ ತಿಳಿಯಿರಿ. ಗೊತ್ತಿಲ್ಲದ ಎಲೆಯನ್ನು ಸ್ವತಃ ಕಿತ್ತು ತಿನ್ನುವ ಸಾಹಸ ಬೇಡ. ಚರಂಡಿ, ಹೆದ್ದಾರಿಗಳ ಬದಿಯದಂತೂ ಬೇಡವೇ ಬೇಡ. ಅದನ್ನು ಮಾಂಸದ ಜೊತೆ ತಿನ್ನುವಿರೋ, ಬೇಳೆಯ ಜೊತೆಯೋ, ಅದು ನಿಮ್ಮಿಚ್ಛೆ. ಅವಳು ಕೇಳಿದ ದರವನ್ನು ಮಾತ್ರ ಪೂರ್ತಿಯಾಗಿ ಕೊಟ್ಟು ಬನ್ನಿ ಎಂಬುದು ನಮ್ಮ ವಿನಂತಿ.