ರೋಲು ಬಿಚ್ಚಿದ ಪಾಪ

ರಾತ್ರಿ ಎಂಟೂವರೆಗೆ ಮಗಳ ಶಾಲೆಯ ವಾಟ್ಸಾಪ್ ಗ್ರೂಪಿನಲ್ಲಿ ಸೂಚನೆ ಬಂತು. ನಾಳೆ ‘ಕಸದಿಂದ ರಸ’ ಚಟುವಟಿಕೆ, ಎಲ್ಲ ಮಕ್ಕಳೂ ಎರಡೆರಡು ರಟ್ಟಿನ ಕೊಳವೆ ತರಬೇಕು. ಟಿಶ್ಯೂ ರೋಲಿನ ಒಳಗೆ ಇರುತ್ತಲ್ಲ, ಅದು.

ಶಿರಸಿ ಪೇಟೆಯಿಂದ ಹನ್ನೆರಡು ಕಿಲೋಮೀಟರ್ ಒಳಗೆ ನಮ್ಮ ಮನೆ. ಕೈ ಒರೆಸಲು ಹಳೇ ಪಂಚೆ, ಕಾವಲಿಗೆ ಎಣ್ಣೆ ಸವರಲು ಬದನೆಕಾಯಿ ತೊಟ್ಟು. ಟಿಶ್ಯೂ ಖರ್ಚಾಗುವ ಮನೆಯೇ ಅಲ್ಲ. ವರ್ಕ್ ಫ್ರಮ್ ಹೋಮ್ ಅಂತ ಬೆಂಗಳೂರಿನಿಂದ ಸಾಮಾನು ತಂದಾಗ ಎರಡು ರೋಲು ಜೊತೆಗೆ ಬಂದಿದ್ದವು, ಮೇಲಿನ ಪ್ಲಾಸ್ಟಿಕ್ಕನ್ನೂ ತೆಗೆದಿರಲಿಲ್ಲ. ಕೂತು ಎರಡನ್ನೂ ಬಿಚ್ಚಿದೆ. ಜಗಲಿ ತುಂಬ ಬಿಳೀ ರಾಶಿ. ಆಯಿ ಬಂದು ನೋಡಿದಳು.

“ಕಸ ಮಾಡಲೆ ಇಷ್ಟೆಲ್ಲ ಕೆಲಸ ಇದ್ದಾ ತಮಾ?”

ನಕ್ಕು ಸುಮ್ಮನಾದೆ. ಮರುದಿನ ಪೇಟೆಗೆ ಹೋದಾಗ ನೋಡಿದರೆ ಫ್ಲೆಕ್ಸ್ ಹೊಡೆಯುವ ಅಂಗಡಿಯ ಹಿಂದೆ, ಬಟ್ಟೆ ಅಂಗಡಿಯ ಮೂಲೆಯಲ್ಲಿ ಬೇಕಾದಷ್ಟು ಕೊಳವೆ ಬಿದ್ದಿದ್ದವು. ನಾಲ್ಕು ದಿನ ಮೊದಲು ಹೇಳಿದ್ದರೆ ಕೇಳಿ ತರಬಹುದಿತ್ತು. ಕಸಕ್ಕೂ ಕಾಯಬೇಕಾಗುತ್ತದೆ.

ಮಗಳು ಎರಡು ಕೊಳವೆ ಅಂಟಿಸಿ, ಬಣ್ಣದ ಕಾಗದ ಸುತ್ತಿ, ದಾರ ಕಟ್ಟಿ ದುರ್ಬೀನು ಮಾಡಿದ್ದಳು. ಚೆಂದ ಆಗಿತ್ತು. ಜೊತೆಗೊಂದು ಚೀಟಿ, ಮನೆಯಲ್ಲಿ ತುಂಬಿ ಕೊಡಬೇಕಂತೆ: ‘ಯಾವ ತ್ಯಾಜ್ಯ ವಸ್ತುವಿನಿಂದ ಮಾಡಿದ್ದು?’

“ಅಪ್ಪಾ, ಇದು ಕಸ ಆಗಿತ್ತಾ?”

“ಖಾಲಿ ರೋಲು ಅಂತ ಬರಿ ಕೂಸೇ,” ಅಂದೆ. ಮೀಟಿಂಗಿಗೆ ಹೊತ್ತಾಗಿತ್ತು.

ಅಕ್ಷರಶಃ ಸುಳ್ಳಲ್ಲ. ರೋಲು ಖಾಲಿಯೇ ಇತ್ತು, ಖಾಲಿ ಮಾಡಿದವ ನಾನು. ಟೆಸ್ಟ್ ಪಾಸಾದರೆ ಸಾಕು ಅಂತ ಕೋಡ್ ಬರೆಯುವ ಜಾತಿ ನಮ್ಮದು, ಈ ಕಸುಬು ರೂಢಿಯಾಗಿದೆ. ಆದರೆ ಆಯಿಯ ಮಾತು ಬಿಡಲಿಲ್ಲ. ನಾನು ಬಿಚ್ಚಿದ ಕೊಳವೆ, ಅಂಗಡಿ ಹಿಂದೆ ಬಿದ್ದ ಕೊಳವೆ, ಎರಡೂ ರಟ್ಟೇ. ಹಾಗಾದರೆ ಕಸ ಅನ್ನುವುದು ವಸ್ತುವಿನ ಗುಣವಲ್ಲ, ಅದರ ಕೆಲಸ ಮುಗಿದಿದೆಯೋ ಇಲ್ಲವೋ ಅನ್ನುವ ಲೆಕ್ಕ. ನಾನು ಆ ಲೆಕ್ಕವನ್ನೇ ತಿದ್ದಿದ್ದೆ.

ಅರವಿಂದ ಗುಪ್ತಾ ಅವರ ನೆನಪಾಯಿತು. ಕಾನ್ಪುರ ಐಐಟಿಯಲ್ಲಿ ಓದಿ, ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳಲ್ಲಿ ಮಕ್ಕಳಿಗೆ ರೇಖಾಗಣಿತ ತೋರಿಸಿದವರು, 2018ರಲ್ಲಿ ಪದ್ಮಶ್ರೀ ಬಂತು. ಅವರ ಆಟಿಕೆಗಳ ಸೊಗಸು ಅವು ಅಗ್ಗ ಅನ್ನುವುದರಲ್ಲಷ್ಟೇ ಇಲ್ಲ, ಮಗುವಿನ ಕೈಗೆ ಸಿಗುವ ವಸ್ತುವಿನಿಂದ ಶುರುವಾಗುತ್ತವೆ ಅನ್ನುವುದರಲ್ಲಿದೆ. ನಮ್ಮ ಕೈಗೆ ಸಿಗುತ್ತಿದ್ದದ್ದು ಅಡಿಕೆ ಹಾಳೆ. ಒಬ್ಬ ಕೂರೋದು, ಇನ್ನೊಬ್ಬ ಎಳೆಯೋದು, ಹಾಳೆ ಹರಿದು ಚಡ್ಡಿ ಸವೆಯುವವರೆಗೆ.

‘ನಮ್ಮ ಕಾಲದಲ್ಲಿ’ ಅಂತ ಇಲ್ಲೇ ಮುಗಿಸಿದರೆ ಅದು ಇನ್ನೊಂದು ಸುಳ್ಳು. ಪೆಟ್ಲಿಗೆ ನಾವು ಹಸಿ ಬಿದಿರನ್ನೇ ಕಡಿಯುತ್ತಿದ್ದೆವು. ಕೊಳವೆಯ ಆ ತುದಿಗೆ ಒಂದು ಕಾಯಿ, ಈ ತುದಿಗೆ ಇನ್ನೊಂದು, ಕೋಲಿನಿಂದ ನೂಕಿದರೆ ನಡುವಿನ ಗಾಳಿ ಒತ್ತಿ ಮುಂದಿನದು ಟಪ್ ಅಂತ ಹಾರಬೇಕು. ಅದಕ್ಕಾಗಿ ಕಡಿದ ಬಿದಿರು ಕಸವಾಗಿರಲಿಲ್ಲ, ಬೆಳೆಯುತ್ತಿತ್ತು. ಮಾರಿಕಾಂಬಾ ಜಾತ್ರೆಯಲ್ಲಿ ಪ್ಲಾಸ್ಟಿಕ್ ಕಾರಿಗೆ ಅತ್ತವನೂ ನಾನೇ. ಪೆಟ್ಲು ಮಾಡಿದ್ದಕ್ಕೆ ಯಾರೂ ಕಾರಣ ಕೇಳಲಿಲ್ಲ, ಆಟಕ್ಕೆ ಬೇಕಿತ್ತು, ಅಷ್ಟೆ. ಈ ದುರ್ಬೀನಿಗೂ ಅಷ್ಟೇ ಸಾಕಿತ್ತು. ಆಟಕ್ಕಾಗಿ ಎರಡು ರೋಲು ಬಿಚ್ಚಿದೆ ಅಂದಿದ್ದರೆ ಸಣ್ಣ ದುಂದಾಗುತ್ತಿತ್ತು. ಪರಿಸರದ ಹೆಸರು ಹೇಳಿದ್ದಕ್ಕೆ ಅದು ಮೋಸವಾಯಿತು, ಅದನ್ನು ಮಗಳ ಕೈಯಲ್ಲಿ ಬರೆಸಿದ್ದೂ ಆಯಿತು.

ಶನಿವಾರ ಸಂಜೆ ಅವಳು ಅಂಗಳದಲ್ಲಿ ನಿಂತು ಮಂಗಟ್ಟೆ ಹಕ್ಕಿ ಹುಡುಕುತ್ತಿದ್ದಳು. ಹೇಳಿಬಿಟ್ಟೆ, ಅದು ಕಸ ಆಗಿರಲಿಲ್ಲ, ನಾನು ತಪ್ಪು ಬರೆಸಿದೆ.

ದುರ್ಬೀನು ಕೆಳಗಿಳಿಸದೆಯೇ, “ಹಂಗಾರೆ ಟೀಚರ್‌ಗೆ ನೀನೇ ಹೇಳು,” ಅಂದಳು.

ಸೋಮವಾರ ಅವಳನ್ನು ಬಿಡಲು ಹೋದವನು ಗೇಟಿನ ಹೊರಗಿಂದಲೇ ಬೈಕು ತಿರುಗಿಸಿಕೊಂಡು ಬಂದೆ. ಡಬ್ಬಿಗೆ ತುಂಬಿಟ್ಟ ಟಿಶ್ಯೂ ಇನ್ನೂ ಮುಗಿದಿಲ್ಲ.