ಕೈಗೆ ಉಳಿಯುವ ವಿದ್ಯೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಸಿಂಧನೂರು ಕಡೆಯ ತಂದೆ-ತಾಯಿಗಳ ಬಾಯಲ್ಲಿ ಒಂದೇ ಪ್ರಶ್ನೆ: 'ಯಾವ ಕೋರ್ಸಿಗೆ ಹಾಕಿದ್ರ ಜಲ್ದಿ ನೌಕರಿ ಸಿಗ್ತದರಿ?' ಆರ್.ಎಚ್. ಕ್ಯಾಂಪಿನವರು ಕೇಳುವುದೂ ಇದನ್ನೇ. ಮನೆಯೊಳಗೆ ಬಂಗಾಳಿ, ಹೊರಗೆ ನಮ್ಮ ರಾಯಚೂರು ಕನ್ನಡ. ಆತಂಕಕ್ಕೆ ಮಾತ್ರ ಭಾಷೆಯ ಭೇದವಿಲ್ಲ.

ಮಾಹಿತಿ ಕೊಡುವುದು ಈಗ ಕಷ್ಟವಲ್ಲ. ಲಿಂಗಸುಗೂರಿನಲ್ಲೇ ಜಿಟಿಟಿಸಿ ಇದೆ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಸರಕಾರಿ ಟೂಲ್ ರೂಮಿನ ಶಾಖೆ ಅದು. ಹತ್ತನೇ ತರಗತಿ ಮುಗಿಸಿದವರು ಮೂರು ವರ್ಷ ಕಲಿತು, ನಾಲ್ಕನೇ ವರ್ಷ ಕಾರ್ಖಾನೆಯಲ್ಲಿ ಪಳಗುವ ಟೂಲ್ ಆ್ಯಂಡ್ ಡೈ ಡಿಪ್ಲೊಮಾ ಜಿಟಿಟಿಸಿಗಳ ಹೆಸರುವಾಸಿ ಕೋರ್ಸು. 2022ರಲ್ಲಿ ರಾಜ್ಯದ 150 ಸರಕಾರಿ ಐಟಿಐಗಳು ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ಮೇಲ್ದರ್ಜೆಗೇರಿದವು. ಫಿಟ್ಟರ್, ವೆಲ್ಡರ್ ಜೊತೆಗೆ ಸಿಎನ್‌ಸಿ, ರೋಬೋಟಿಕ್ಸ್, ವಿದ್ಯುತ್ ವಾಹನಗಳೂ ಪಾಠಕ್ಕೆ ಬಂದವು. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಡಬಹುದು. ಸಲಹೆ ಅನ್ನುವುದು ಚೀಟಿಯಲ್ಲಿ ಹಿಡಿಯುವುದಿಲ್ಲ. ಹದಿನಾರು ವರ್ಷದ ಮಗುವಿಗೆ 'ಇದನ್ನು ಕಲಿ' ಎಂದು ಹೇಳುವಾಗ, ಆ ಕಲಿಕೆ ಕೊನೆಗೆ ಯಾರ ಸೊತ್ತಾಗುತ್ತದೆ ಎಂದು ಕೇಳಿಕೊಳ್ಳಬೇಕಲ್ಲವೇ?

ಈ ಪ್ರಶ್ನೆಗೆ ಕ್ಯಾಂಪಿನ ಚರಿತ್ರೆಯೇ ಒಂದು ಪಾಠ. ಆರ್.ಎಚ್. ಎಂದರೆ ರಿಹ್ಯಾಬಿಲಿಟೇಷನ್, ಪುನರ್ವಸತಿ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸರಕಾರ ತುಂಗಭದ್ರಾ ಎಡದಂಡೆ ನಾಲೆಯ ಸೀಮೆಯಲ್ಲಿ ಜಮೀನು ಕೊಟ್ಟಿತು. ಅವರು ಹೊಲ ಬಿಟ್ಟು ಬಂದಿದ್ದರು, ಮನೆ ಬಿಟ್ಟು ಬಂದಿದ್ದರು. ಗಡಿಯಲ್ಲಿ ಯಾರೂ ಕಸಿದುಕೊಳ್ಳಲಾಗದೆ ಜೊತೆಗೆ ಬಂದದ್ದು ಕೈಯ ತಿಳಿವಳಿಕೆ: ನೀರು ನಿಲ್ಲಿಸುವುದು, ನಾಟಿ ಮಾಡುವುದು, ಬಲೆ ಬೀಸುವುದು. ನದಿಗಳ ನಾಡಿನಲ್ಲಿ ಕಲಿತದ್ದನ್ನು ಅವರು ನಮ್ಮ ಎರೆಭೂಮಿಗೆ ಒಗ್ಗಿಸಿಕೊಂಡರು. ಈಗ ಮೂರನೇ ತಲೆಮಾರು. ಜಮೀನು ಅಣ್ಣತಮ್ಮಂದಿರಲ್ಲಿ ಪಾಲಾಗುತ್ತ ಸಣ್ಣದಾಗಿದೆ. ಅಂದಿನ ಪುನರ್ವಸತಿ ನೆಲದ್ದಾಗಿದ್ದರೆ ಇಂದು ಬೇಕಿರುವುದು ವಿದ್ಯೆಯದು.

ಆದರೆ ಎಲ್ಲ ತರಬೇತಿಯೂ ಹೀಗೆ ಜೊತೆಗೆ ಬರುವುದಿಲ್ಲ. ನನ್ನ ಪರಿಚಯದ ಹುಡುಗನೊಬ್ಬ ದೂರದ ಕಾರ್ಖಾನೆಯಲ್ಲಿ ಎರಡು ವರ್ಷ ದುಡಿದ. ಬಿಲ್ಲೆ ಇಡುವುದು, ಬಾಗಿಲು ಮುಚ್ಚುವುದು, ಹಸಿರು ಗುಂಡಿ ಒತ್ತುವುದು ಅವನ ಕೆಲಸ. ಗುತ್ತಿಗೆ ಮುಗಿದು ಊರಿಗೆ ಬಂದಾಗ ಅವನ ಕೈಯಲ್ಲಿ ಉಳಿದಿದ್ದು ಆ ಒಂದು ಯಂತ್ರದ ಗುಂಡಿಯ ನೆನಪು. ಯಂತ್ರ ಅಲ್ಲೇ ಉಳಿಯಿತು, ವಿದ್ಯೆಯೂ ಅಲ್ಲೇ ಉಳಿಯಿತು. ಡ್ರಾಯಿಂಗ್ ಓದಲು ಬರುವವನು, ಮೈಕ್ರೋಮೀಟರ್ ಹಿಡಿದು ಮಿಲಿಮೀಟರಿನ ನೂರನೇ ಒಂದು ಪಾಲನ್ನು ಅಳೆಯಬಲ್ಲವನು, ಅಳತೆ ಯಾಕೆ ತಪ್ಪಿತೆಂದು ಹುಡುಕಬಲ್ಲವನು ಯಾವ ಊರಿಗೆ ಹೋದರೂ ಕಸುಬುದಾರನೇ. ಒಂದು ತರಬೇತಿ ಕಾರ್ಖಾನೆಗೆ ಬೇಕಾದ ಬಿಡಿಭಾಗವನ್ನು ತಯಾರಿಸುತ್ತದೆ. ಇನ್ನೊಂದು ಮನುಷ್ಯನನ್ನು. ಎರಡಕ್ಕೂ ಸರ್ಟಿಫಿಕೇಟು ಸಿಗುತ್ತದೆ ಎನ್ನುವುದೇ ತೊಡಕು.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ಸಾಲದ ಮನೆಯ ಹುಡುಗನಿಗೆ ಈ ತತ್ವ ಯಾಕೆ? ಗುಂಡಿ ಒತ್ತಿದರೂ ತಿಂಗಳಿಗೆ ಸಂಬಳ ಬರುತ್ತದಲ್ಲ? ನಿಜ. ಹಸಿದವನಿಗೆ ನಾಲ್ಕು ವರ್ಷ ತಾಳು ಎನ್ನುವ ಹಕ್ಕು ಹೊಟ್ಟೆ ತುಂಬಿದವರಿಗಿಲ್ಲ. ಹಾಗಾಗಿ ನೈತಿಕ ಭಾರವನ್ನು ಆ ಹುಡುಗನ ಹೆಗಲಿಗೆ ಹಾಕಬಾರದು. ಕಲಿಯುವಷ್ಟು ಕಾಲ ಅವನನ್ನು ಪೊರೆಯುವ ಹಾಸ್ಟೆಲ್ಲು, ಊಟ, ಬಸ್ಸಿನ ದುಡ್ಡು ಸಮಾಜದ ಹೊಣೆ. 1961ರ ಅಪ್ರೆಂಟಿಸ್ ಕಾಯ್ದೆ ಕಲಿಯುವವನಿಗೂ ಭತ್ಯೆ ಕೊಡಬೇಕೆಂದು ಹೇಳುವುದರ ಹಿಂದೆ ಇದೇ ವಿವೇಕವಿದೆ. ಅವಸರದ ಆಯ್ಕೆಗೆ ಬಡವನನ್ನು ದೂಡಿ, ಆಮೇಲೆ ಅವನಿಗೆ ಕೌಶಲ್ಯವಿಲ್ಲ ಎಂದು ದೂರುವುದು ಅನ್ಯಾಯ.

ಇನ್ನೊಂದು ಆಕ್ಷೇಪ: ಎಲ್ಲಿಗಾದರೂ ಒಯ್ಯಬಹುದಾದ ವಿದ್ಯೆ ಊರನ್ನು ಖಾಲಿ ಮಾಡುವುದಿಲ್ಲವೇ? ಸಿಂಧನೂರಿನ ರೈಸ್ ಮಿಲ್ಲಿಗೊಮ್ಮೆ ಹೋಗಿ ನೋಡಿ. ಅಲ್ಲಿ ಸಾರ್ಟೆಕ್ಸ್ ಯಂತ್ರವಿರುತ್ತದೆ. ಅಕ್ಕಿ ಧಾರೆಯಾಗಿ ಬೀಳುವಾಗ ಕ್ಯಾಮೆರಾ ಒಂದೊಂದೇ ಕಾಳನ್ನು ನೋಡುತ್ತದೆ. ಬಣ್ಣಗೆಟ್ಟ ಕಾಳು ಕಂಡರೆ ಗಾಳಿ ಫಟ್ಟನೆ ಊದಿ ಆಚೆ ತಳ್ಳುತ್ತದೆ. ಮುಂದುವರಿದ ತಂತ್ರಜ್ಞಾನ ಬೆಂಗಳೂರಿನಲ್ಲಷ್ಟೇ ಇಲ್ಲ, ನಮ್ಮ ಭತ್ತದ ಪಕ್ಕದಲ್ಲೇ ನಿಂತಿದೆ. ಅದು ಕೆಟ್ಟು ನಿಂತ ದಿನ ಪರಸ್ಥಳದ ಮೆಕ್ಯಾನಿಕ್ಕಿಗಾಗಿ ಕಾಯಬೇಕೋ, ಕ್ಯಾಂಪಿನ ಹುಡುಗಿಯೋ ಹುಡುಗನೋ ಬಂದು ಬಿಚ್ಚಿ ನೋಡಬಲ್ಲರೋ ಎನ್ನುವುದು ನಾವು ಏನು ಕಲಿಸುತ್ತೇವೆ ಎನ್ನುವುದರ ಮೇಲೆ ನಿಂತಿದೆ.

ಅಕ್ಕಿ ಆಯುವ ಮಾತು ಬಂದಾಗ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ನೆನಪಾಗದಿರುವುದಿಲ್ಲ. ಆ ದಂಪತಿ ಲಿಂಗಸುಗೂರು ತಾಲೂಕಿನ ಅಮರೇಶ್ವರದವರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಮಾರಯ್ಯನ ಕಾಯಕ. ಒಂದು ದಿನ ಹೆಚ್ಚು ತಂದಾಗ ಹೆಂಡತಿ ಪ್ರಶ್ನಿಸಿದಳು. ಮಿಕ್ಕದ್ದನ್ನು ಮರಳಿ ಸುರಿದು ಬಾ ಎಂದಳು. ಇದನ್ನು ದುರಾಸೆಯ ವಿರುದ್ಧದ ಕಥೆಯೆಂದು ನಾವು ಓದುತ್ತೇವೆ. ನನಗೆ ಅದು ಕೆಲಸದ ಒಡೆತನದ ಕಥೆಯಾಗಿಯೂ ಕಾಣುತ್ತದೆ. ಎಷ್ಟು ಸಾಕು, ಯಾವುದು ಸರಿ ಎಂಬ ಅಳತೆ ಲಕ್ಕಮ್ಮನ ಕೈಯಲ್ಲಿತ್ತು. ಆಯುವವರು ಬಡವರಿದ್ದರೂ ಅಳತೆಗೆ ಅವರೇ ಒಡೆಯರು.

ಇಂದು ಆಯುವುದು ಯಂತ್ರ. ಅದರಲ್ಲಿ ಮರುಗಬೇಕಾದದ್ದೇನೂ ಇಲ್ಲ. ಬೆನ್ನು ಬಾಗಿಸಿ ಕಾಳು ಆಯ್ದವರು ಅದಕ್ಕೆ ಅಳಲಾರರು. ಅಳತೆ ಗೊತ್ತಿರುವವರು ಯಂತ್ರದ ಈಚೆ ನಿಂತಿದ್ದಾರೆಯೇ ಎಂಬುದಷ್ಟೇ ಪ್ರಶ್ನೆ. ಮಕ್ಕಳನ್ನು ಕೋರ್ಸಿಗೆ ಸೇರಿಸುವ ಮೊದಲು ಪ್ಲೇಸ್‌ಮೆಂಟ್ ಎಷ್ಟು ಎಂದು ಧಾರಾಳವಾಗಿ ಕೇಳಿ. ಜೊತೆಗೆ ಇನ್ನೊಂದನ್ನೂ ಕೇಳಿ: ಆ ಕಾರ್ಖಾನೆ ನಾಳೆ ಬಾಗಿಲು ಹಾಕಿದರೆ ನನ್ನ ಮಗಳ ಕೈಯಲ್ಲಿ ಏನು ಉಳಿಯುತ್ತದೆ?